ಚಿಂತೆಗೊಂದು ಸಂತೆ



ರಾತ್ರಿ ಎರಡು ಗಂಟೆಯ ಮಾನ್ವಿ ಸೀಮೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ, ಗದ್ದೆಯ ಬದುವಿನ ಮೇಲೆ ರೈತನೊಬ್ಬ ಬ್ಯಾಟರಿ ಹಿಡಿದು ಕೂತಿದ್ದಾನೆ. ಮೇಲಿನವರು ಬಿಟ್ಟ ನೀರು ಇವತ್ತು ರಾತ್ರಿ ತನ್ನ ಗದ್ದೆಗೆ ಹಾಯದಿದ್ದರೆ ಭತ್ತ ಒಣಗುತ್ತದೆ. ಇನ್ನೊಬ್ಬ, ತ್ರೀಫೇಸ್ ಕರೆಂಟು ಬಂದ ಕೂಡಲೇ ಪಂಪ್‌ಸೆಟ್ ಚಾಲೂ ಮಾಡಬೇಕೆಂದು ಎದ್ದು ಕಾಯುತ್ತಿದ್ದಾನೆ. ದೇವದುರ್ಗದ ಕಡೆಯ ಹಳ್ಳಿಯಲ್ಲಿ ಒಬ್ಬ ಅಜ್ಜಿ, ಬೆಂಗಳೂರಿಗೆ ಗುಳೆ ಹೋದ ಮಗ ಸೊಸೆಯ ಫೋನು ಎರಡು ದಿನದಿಂದ ಬಂದಿಲ್ಲವೆಂದು ಮಗ್ಗುಲು ಬದಲಿಸುತ್ತಿದ್ದಾಳೆ. ಪಕ್ಕದಲ್ಲಿ ಮೊಮ್ಮಕ್ಕಳು ಮಲಗಿವೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ, ಹಟ್ಟಿಯ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ನಡೆದಿದೆ. ರಾಯಚೂರು ನಗರದ ಬಾಡಿಗೆ ಕೋಣೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯೊಬ್ಬಳು ಪುಸ್ತಕ ಮುಚ್ಚಿ ಒಂದು ತಾಸಾಯಿತು, ಕಣ್ಣು ಮುಚ್ಚಲಾಗುತ್ತಿಲ್ಲ.

ಇವರೆಲ್ಲ ಒಂದೇ ಹೊತ್ತಿನಲ್ಲಿ ಎಚ್ಚರವಾಗಿದ್ದಾರೆ. ಆದರೆ ಒಬ್ಬರು ಎಚ್ಚರವಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ. 'ಲೋಕವೆಲ್ಲ ಮಲಗ್ಯಾದ, ನನಗೊಬ್ಬನಿಗೇ ನಿದ್ದಿ ಹತ್ತವಲ್ದು' ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದಾರೆ. ನಿದ್ದೆಗೇಡಿನ ಅರ್ಧ ಸಂಕಟ ಇರುವುದೇ ಈ ಒಂಟಿತನದಲ್ಲಿ. ಆ ಒಂಟಿತನವನ್ನು ಮುರಿಯುವ ಒಂದು ಚಿಕಿತ್ಸೆಯ ಬಗ್ಗೆ ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ. ಹಲವು ಊರುಗಳ ಏಳೆಂಟು ಜನ ಫೋನಿನ ಅಥವಾ ಕಂಪ್ಯೂಟರಿನ ಪರದೆಯ ಮೂಲಕ ಒಟ್ಟಾಗಿ ಒಬ್ಬ ವೈದ್ಯರನ್ನು ಕಾಣುವುದು, ವಾರವಾರವೂ ಕಾಣುವುದು, ಕಷ್ಟ ಹೇಳಿಕೊಳ್ಳುವುದು, ಒಬ್ಬರಿಂದ ಒಬ್ಬರು ಕಲಿಯುವುದು. ಇದನ್ನು ದೂರದ ಗುಂಪು ಭೇಟಿ ಎಂದು ಕರೆಯೋಣ.

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ನಮಗೆಲ್ಲ ಗೊತ್ತು. ನಮ್ಮ ಸೀಮೆಯಲ್ಲಿ ಚಿಂತೆ ಇಲ್ಲದವರನ್ನು ಹುಡುಕುವುದು ಕಷ್ಟ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂಡುವವರೆಗೆ, ನದಿಯ ಪಾಲಾಗುತ್ತಿದ್ದ ನೀರನ್ನು ನೆನೆದು ಕಾಲುವೆಯುದ್ದಕ್ಕೂ ಎಷ್ಟು ಮನೆಗಳಲ್ಲಿ ನಿದ್ದೆ ಹಾರಿಹೋಗಿರಬೇಡ! ಅಂಥ ಚಿಂತೆ ಸುಳ್ಳಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಬದುಕನ್ನು ಹಚ್ಚಿಕೊಂಡವರಿಗೆ ಬರುವ ಚಿಂತೆ ಅದು.

ಆದರೆ ದೇಹದ ಲೆಕ್ಕ ಬೇರೆ. ನಿದ್ದೆಯನ್ನು ತರುವ ಶಕ್ತಿಗಳು ಎರಡು. ಒಂದು, ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಕೂಡುತ್ತ ಹೋಗುವ ನಿದ್ದೆಯ ಹಸಿವು. ಇನ್ನೊಂದು, ಬೆಳಕು ಕತ್ತಲೆಗಳನ್ನು ನೋಡಿ ನಡೆಯುವ ಒಳಗಿನ ಗಡಿಯಾರ. ಹಗಲು ಹೆಚ್ಚು ಮಲಗಿದರೆ, ಊಟಕ್ಕೆ ಮುಂಚೆ ತಿಂಡಿ ತಿಂದಂತೆ, ಆ ಹಸಿವು ಸಾಯುತ್ತದೆ. ಒಂದು ದಿನ ನಾಲ್ಕಕ್ಕೆ, ಒಂದು ದಿನ ಎಂಟಕ್ಕೆ ಎದ್ದರೆ ಗಡಿಯಾರ ದಿಕ್ಕು ತಪ್ಪುತ್ತದೆ. ಇವೆರಡೂ ಸರಿಯಿದ್ದು, ಮನಸ್ಸು ಮಾತ್ರ ಕಾವಲು ಬಿಡಲು ಒಪ್ಪದಿದ್ದರೂ ನಿದ್ದೆ ಬಾಗಿಲಲ್ಲೇ ನಿಲ್ಲುತ್ತದೆ. ಕಳ್ಳ ಬಂದಾಗ ನಿದ್ದೆ ಬರಬಾರದು; ಅದಕ್ಕಾಗಿಯೇ ದೇಹ ಈ ಕಾವಲನ್ನು ಇಟ್ಟುಕೊಂಡಿದೆ. ಸಾಲದ ಕಂತನ್ನೂ ಅದು ಕಳ್ಳನೆಂದೇ ತಿಳಿಯುತ್ತದೆ.

ಇದಕ್ಕೆ ನಮ್ಮ ಬಿಸಿಲನ್ನು ಕೂಡಿಸಿಕೊಳ್ಳಿ. ಚೆನ್ನಾಗಿ ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಶಾಖ ಸ್ವಲ್ಪ ಇಳಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ಹಗಲೆಲ್ಲ ಕಾದ ಗೋಡೆ ನಡುರಾತ್ರಿಯವರೆಗೂ ಬಿಸಿ ಉಗುಳುತ್ತದೆ. ಹಿರಿಯರು ಮಾಳಿಗೆಯ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಸುತ್ತಿದ್ದುದು ಸುಮ್ಮನೆ ಅಲ್ಲ.

ನಿದ್ದೆ ಬಾರದಾಗ ನಮ್ಮ ಜನ ಏನು ಮಾಡುತ್ತಾರೆ? ಈ ಮಾತನ್ನು ಮುಚ್ಚಿಡದೆ ಹೇಳಬೇಕು. ಹಲವರು ಸೇಂದಿ ಕುಡಿಯುತ್ತಾರೆ. ಈಚಲು ಮರದ ಹೆಂಡವೆಂದು ಹೆಸರು. ಒಳಗಿರುವುದು ಎಷ್ಟೋ ಸಲ ಸಿ.ಎಚ್. ಪೌಡರ್. ನಮ್ಮ ಜಿಲ್ಲೆಯಲ್ಲಿ ಅಬಕಾರಿ ಇಲಾಖೆಯವರು ಮತ್ತೆ ಮತ್ತೆ ಹಿಡಿಯುವ ಈ ಪುಡಿ ಕ್ಲೋರಲ್ ಹೈಡ್ರೇಟ್. 1869ರಲ್ಲಿ ಜರ್ಮನಿಯ ಆಸ್ಕರ್ ಲೀಬ್ರೈಖ್ ಎಂಬ ವೈದ್ಯವಿಜ್ಞಾನಿ ನಿದ್ದೆ ತರಿಸಲೆಂದು ಬಳಕೆಗೆ ತಂದ ಔಷಧಿ ಅದು. ಅಪಾಯ ಕಂಡು ವೈದ್ಯರು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಾರೆ. ಆ ಪುಡಿ ಇಂದು ಅಳತೆಯಿಲ್ಲದೆ ನಮ್ಮ ದುಡಿಯುವ ಜನರ ಹೊಟ್ಟೆ ಸೇರುತ್ತಿದೆ. ಅದನ್ನು ಥಟ್ಟನೆ ಬಿಟ್ಟರೂ ಕೈ ನಡುಗುತ್ತದೆ, ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬರಬಹುದು. ಆದ್ದರಿಂದ ಬಿಡುವುದನ್ನೂ ವೈದ್ಯರ ಕೈಹಿಡಿದೇ ಬಿಡಬೇಕು.

ಇನ್ನು ಕೆಲವರು ಮೆಡಿಕಲ್ ಅಂಗಡಿಗೆ ಹೋಗಿ 'ನಿದ್ದಿ ಗುಳಿಗಿ ಕೊಡ್ರಿ' ಎನ್ನುತ್ತಾರೆ. ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಇವೆಲ್ಲ ಕಾನೂನಿನ ಎಚ್-1 ಪಟ್ಟಿಯ ಔಷಧಗಳು. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ಬರೆದಿಡಬೇಕು. ಕೆಲವು ದಿನಗಳ ಮಟ್ಟಿಗೆ ವೈದ್ಯರು ಕೊಟ್ಟರೆ ಅವು ಉಪಕಾರಿ. ವರ್ಷಗಟ್ಟಲೆ ತಾವಾಗಿಯೇ ನುಂಗುತ್ತ ಹೋದರೆ ಮಾತ್ರೆ ಇಲ್ಲದೆ ನಿದ್ದೆ ಬರುವುದೇ ಮರೆತುಹೋಗುತ್ತದೆ.

ಹಾಗಾದರೆ ದಾರಿ? ದೀರ್ಘಕಾಲದ ನಿದ್ದೆಗೇಡಿಗೆ ಮಾತ್ರೆಗಿಂತ ಮೊದಲು ಕೊಡಬೇಕಾದ್ದು ರೂಢಿ ತಿದ್ದುವ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸ್ಪಷ್ಟವಾಗಿ ಹೇಳಿತು. ಅದರ ನಿಯಮಗಳನ್ನು ಕೇಳಿದರೆ ಇಷ್ಟೇನಾ ಎನ್ನಿಸುತ್ತದೆ. ಎಷ್ಟೇ ಕೆಟ್ಟ ರಾತ್ರಿಯಾದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು. ಕಣ್ಣು ಎಳೆಯುವಾಗ ಮಾತ್ರ ಹಾಸಿಗೆಗೆ ಹೋಗಬೇಕು. ಇಪ್ಪತ್ತು ನಿಮಿಷದಷ್ಟು ಹೊತ್ತು ಹೊರಳಾಡಿದರೂ ನಿದ್ದೆ ಬರಲಿಲ್ಲವೆಂದರೆ ಎದ್ದು ಬೇರೆ ಕಡೆ ಕೂತು, ಕಣ್ಣು ಎಳೆದಾಗ ಮರಳಬೇಕು. ಹಾಸಿಗೆ ಎಂದರೆ ನಿದ್ದೆ ಎಂಬುದು ದೇಹಕ್ಕೆ ಮತ್ತೆ ನೆನಪಾಗಬೇಕು. ಈಗ ಅದಕ್ಕೆ ಹಾಸಿಗೆ ಎಂದರೆ ಲೆಕ್ಕ, ಹಾಸಿಗೆ ಎಂದರೆ ಜಗಳ. ಮಲಗಿರುವ ತಾಸುಗಳನ್ನು ನಿಜವಾಗಿ ನಿದ್ದೆ ಬರುವಷ್ಟು ತಾಸುಗಳಿಗೆ ಹತ್ತಿರ ತರಬೇಕು. ಮಧ್ಯಾಹ್ನದ ಮೇಲೆ ಚಹಾ ಬಿಡಬೇಕು, ಏಕೆಂದರೆ ಅದರ ಕೆಫೀನಿನ ಅರ್ಧಭಾಗ ಸುಮಾರು ಐದು ತಾಸಿನ ನಂತರವೂ ಮೈಯಲ್ಲೇ ಇರುತ್ತದೆ.

ಹೇಳುವುದು ಐದು ನಿಮಿಷದ ಕೆಲಸ, ಮಾಡುವುದು ಆರು ವಾರದ ಕೆಲಸ. ಮೊದಲ ವಾರ ಇನ್ನಷ್ಟು ಸುಸ್ತಾಗುತ್ತದೆ. 'ಇದು ನನಗೆ ಆಗುವ ಕೆಲಸ ಅಲ್ಲ' ಎಂದು ಕೈಬಿಡುವ ಹೊತ್ತು ಅದೇ. ಆಗ ಯಾರಾದರೂ ಪಕ್ಕದಲ್ಲಿರಬೇಕು. ಹೊರರೋಗಿ ವಿಭಾಗದಲ್ಲಿ ಬಾಗಿಲ ಹೊರಗೆ ಸಾಲು ಬೆಳೆದಿರುವಾಗ ಎಷ್ಟೇ ಒಳ್ಳೆಯ ವೈದ್ಯರಾದರೂ ಒಬ್ಬರಿಗೆ ಕೆಲವೇ ನಿಮಿಷ ಕೊಡಬಲ್ಲರು. ಆ ಅವಸರದಲ್ಲಿ ಬರೆಯಲು ಸಾಧ್ಯವಾಗುವುದು ಮಾತ್ರೆ ಒಂದೇ.

ಗುಂಪು ಭೇಟಿಯ ವಿಚಾರ ಹುಟ್ಟಿದ್ದು ಇಂಥ ಕೊರತೆಯಲ್ಲೇ. 1905ರಲ್ಲಿ ಬಾಸ್ಟನ್ ನಗರದ ಡಾಕ್ಟರ್ ಜೋಸೆಫ್ ಪ್ರಾಟ್, ಆರೋಗ್ಯಧಾಮಕ್ಕೆ ಹೋಗಲು ಕಾಸಿಲ್ಲದ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟು ಕೂಡಿಸತೊಡಗಿದರು. ಪ್ರತಿಯೊಬ್ಬರೂ ತಮ್ಮ ದಿನಚರಿಯನ್ನು ಪುಸ್ತಕದಲ್ಲಿ ಬರೆದು ತರುತ್ತಿದ್ದರು. ತೂಕ ಹೆಚ್ಚಿದವರನ್ನು ಕಂಡು ಉಳಿದವರಿಗೆ ಧೈರ್ಯ ಬರುತ್ತಿತ್ತು. 1991ರಲ್ಲಿ ಕೊಲರಾಡೊದ ಡಾಕ್ಟರ್ ಜಾನ್ ಸ್ಕಾಟ್ ವಯಸ್ಸಾದ ರೋಗಿಗಳನ್ನು ಹೀಗೆಯೇ ಗುಂಪಿನಲ್ಲಿ ನೋಡಿದರು. ನಮ್ಮ ದೇಶದಲ್ಲೇ, ಪುದುಚೇರಿಯ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ, ಗ್ಲಾಕೋಮಾ ಇದ್ದವರನ್ನು ಐದೈದು ಜನರ ಗುಂಪಿನಲ್ಲಿ ನೋಡುವ ಕ್ರಮವನ್ನು ಸಾವಿರ ರೋಗಿಗಳಲ್ಲಿ ಒರೆಗೆ ಹಚ್ಚಿದ್ದಾರೆ. ಒಬ್ಬೊಬ್ಬರಾಗಿ ವೈದ್ಯರನ್ನು ಕಂಡವರಿಗಿಂತ ಗುಂಪಿನಲ್ಲಿ ಕಂಡವರು ಹೆಚ್ಚು ತಿಳಿದುಕೊಂಡರು, ಹೆಚ್ಚು ತೃಪ್ತರಾದರು. ತನಗೆ ಹೊಳೆಯದ ಪ್ರಶ್ನೆಯನ್ನು ಪಕ್ಕದವರು ಕೇಳಿದಾಗ ಉತ್ತರ ಇಬ್ಬರಿಗೂ ಸಿಗುತ್ತದಲ್ಲ!

ಕೂಡಿ ಕೂತು ಮಾತಾಡುವುದರಿಂದ ಮನಸ್ಸಿನ ಭಾರ ಇಳಿಯುತ್ತದೆಯೇ? ಜಾರ್ಖಂಡ್ ಮತ್ತು ಒಡಿಶಾದ ಬುಡಕಟ್ಟು ಹಳ್ಳಿಗಳಲ್ಲಿ ಏಕ್‌ಜುಟ್ ಎಂಬ ಸಂಸ್ಥೆ ಹೆಣ್ಣುಮಕ್ಕಳ ಗುಂಪುಗಳನ್ನು ನಡೆಸಿತು. ಕೂಡಿದ್ದು ನವಜಾತ ಶಿಶುಗಳನ್ನು ಉಳಿಸಿಕೊಳ್ಳುವ ಮಾತಿಗಾಗಿ. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಲ್ಲಿ ಶಿಶುಮರಣ ಇಳಿದದ್ದು ಕಂಡಿತು. ಅದರ ಜೊತೆಗೆ ಮೂರನೇ ವರ್ಷ ತಾಯಂದಿರ ಮಧ್ಯಮ ಪ್ರಮಾಣದ ಖಿನ್ನತೆ ಶೇಕಡಾ 57ರಷ್ಟು ಕಡಿಮೆಯಾಗಿತ್ತು. ಖಿನ್ನತೆಗೆಂದು ಯಾರೂ ಮಾತ್ರೆ ಹಂಚಿರಲಿಲ್ಲ. ನಮ್ಮಲ್ಲಿ ವಾರವಾರ ಸೇರುವ ಸ್ತ್ರೀಶಕ್ತಿ ಸಂಘಗಳಿವೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ನಡೆಯುವ ಆ ಹತ್ತು ನಿಮಿಷದ ಮಾತು ಎಷ್ಟು ಬೆಲೆಯುಳ್ಳದ್ದೆಂದು ಆ ಅಕ್ಕಂದಿರನ್ನು ಕೇಳಿ ನೋಡಿ.

ಇನ್ನು ದೂರದಿಂದ ಚಿಕಿತ್ಸೆಯ ಮಾತು. ಮನಸ್ಸಿನ ಕಾಯಿಲೆಗೆ ದೊಡ್ಡ ಆಸ್ಪತ್ರೆಗೇ ಹೋಗಬೇಕೆಂದಿಲ್ಲ ಎಂಬುದನ್ನು ದೇಶಕ್ಕೆ ತೋರಿಸಿದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಾಯಿಬೇರು. ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರು ಸಿಗುವ ಮನೋಚೈತನ್ಯ ಕಾರ್ಯಕ್ರಮ ಅದೇ ಬೇರಿನ ಚಿಗುರು. 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಪರದೆಯ ಮೂಲಕ ನೋಡುವುದಕ್ಕೆ ಸ್ಪಷ್ಟ ನಿಯಮಗಳಾದವು. ಸರ್ಕಾರದ ಇ-ಸಂಜೀವಿನಿ ಸೇವೆಯಲ್ಲಿ, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ಹಳ್ಳಿಯಿಂದಲೇ ವೈದ್ಯರನ್ನು ಜೋಡಿಸಿಕೊಡುತ್ತಾರೆ. ಕೋವಿಡ್ ಕಾಲದಲ್ಲಿ ನಿಮ್ಹಾನ್ಸ್‌ನವರು ಒತ್ತಡ ನಿಭಾಯಿಸಲು ಪರದೆಯ ಮೂಲಕ ಯೋಗ ಹೇಳಿಕೊಟ್ಟರು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ, ಟೆಲಿ-ಮಾನಸ್ ಸಹಾಯವಾಣಿ ಶುರುವಾಯಿತು. 14416 ಒತ್ತಿದರೆ ಹಗಲು ರಾತ್ರಿ, ಕಾಸಿಲ್ಲದೆ, ಕನ್ನಡದಲ್ಲೇ ಆಪ್ತಸಮಾಲೋಚಕರು ಮಾತಾಡುತ್ತಾರೆ.

ಹೀಗೆ ತಂತಿ ಇದೆ, ವೈದ್ಯರಿದ್ದಾರೆ, ಸಂಘಗಳಿವೆ. ಇವನ್ನೆಲ್ಲ ಒಂದು ಹಗ್ಗಕ್ಕೆ ಹೊಸೆಯುವುದಷ್ಟೇ ಉಳಿದಿದೆ. ಇದನ್ನು ರೇಡಿಯೋದಲ್ಲಿ ಹೇಳುವುದಕ್ಕೂ ಕಾರಣವಿದೆ. ರೇಡಿಯೋಗೆ ಮನಸ್ಸಿನ ವಿದ್ಯೆಯೊಡನೆ, ಗುಂಪಿನ ಕಲಿಕೆಯೊಡನೆ ಹಳೆಯ ನಂಟಿದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1956ರಲ್ಲಿ ಪುಣೆಯ ಬಾನುಲಿ ಕೇಂದ್ರ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಗ್ರಾಮೀಣ ರೇಡಿಯೋ ವೇದಿಕೆ ನಡೆಸಿತು. ಜನ ಗುಂಪಾಗಿ ಕೂತು ಕೇಳುತ್ತಿದ್ದರು, ಚರ್ಚಿಸುತ್ತಿದ್ದರು, ಪ್ರಶ್ನೆ ಬರೆದು ಕಳಿಸುತ್ತಿದ್ದರು, ಕೇಂದ್ರದಿಂದ ಉತ್ತರ ಬರುತ್ತಿತ್ತು. ದೂರದ ಬಲ್ಲವರೊಬ್ಬರು, ಹತ್ತಿರದ ಹತ್ತು ಜನ. ಆಗ ಉತ್ತರಕ್ಕೆ ಟಪಾಲು ಬೇಕಿತ್ತು, ಈಗ ಕ್ಷಣ ಸಾಕು.

ಇಂಥದ್ದೊಂದು ಭೇಟಿ ನಮ್ಮ ಸೀಮೆಯಲ್ಲಿ ನಡೆದರೆ ಹೇಗಿದ್ದೀತು, ಊಹಿಸೋಣ. ಗುರುವಾರ ಮಧ್ಯಾಹ್ನ ಮೂರು ಗಂಟೆ. ಮಾನ್ವಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾಲ್ಕು ಜನ, ದೇವದುರ್ಗ ತಾಲ್ಲೂಕಿನ ಇನ್ನೊಂದರಲ್ಲಿ ಇಬ್ಬರು, ರಾಯಚೂರಿನ ಕೋಣೆಯಿಂದ ಆ ವಿದ್ಯಾರ್ಥಿನಿ, ಬೆಂಗಳೂರಿನ ಕಟ್ಟಡದ ಕೆಲಸದ ನಡುವೆ ಬಿಡುವು ಮಾಡಿಕೊಂಡ ಒಬ್ಬ ಗುಳೆ ಹೋದವನು. ಪರದೆಯ ಮೇಲೆ ಜಿಲ್ಲಾ ಕೇಂದ್ರದ ವೈದ್ಯೆ. ಆರೋಗ್ಯಾಧಿಕಾರಿ ಮೊದಲೇ ಎಲ್ಲರ ಬಿ.ಪಿ., ಶುಗರ್ ನೋಡಿ ಬರೆದಿಟ್ಟಿದ್ದಾರೆ. ವೈದ್ಯೆ ಒಬ್ಬೊಬ್ಬರನ್ನೇ ವಿಚಾರಿಸುತ್ತಾರೆ, ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ. ಇದು ಉಪನ್ಯಾಸವಲ್ಲ, ಭೇಟಿ ಎಂಬುದು ಮುಖ್ಯ.

ಪ್ರತಿಯೊಬ್ಬರ ಕೈಯಲ್ಲೂ ನಿದ್ದೆಯ ಲೆಕ್ಕವಿದೆ. ಅಕ್ಷರ ಬಾರದವರು ಕ್ಯಾಲೆಂಡರಿನ ಚೌಕದಲ್ಲಿ, ಮಲಗಿದ ತಾಸಿಗೊಂದು ಗೀಟು, ನಿದ್ದೆ ಬಂದ ತಾಸಿಗೊಂದು ಚುಕ್ಕೆ ಹಾಕಿ ತಂದಿದ್ದಾರೆ. ಒಬ್ಬ ಅಕ್ಕ ಹೇಳುತ್ತಾಳೆ: 'ಡಾಕ್ಟರಮ್ಮಾ, ಎಂಟಕ್ಕ ಮಲಗ್ತೀನ್ರಿ, ಆರಕ್ಕ ಏಳ್ತೀನ್ರಿ. ನಿದ್ದಿ ಐದು ತಾಸು. ಉಳಿದದ್ದೆಲ್ಲ ಜಂತಿ ಎಣಿಸೋದೇ ಆಗ್ಯಾದ.'

'ಹಂಗಾದ್ರ ಅಕ್ಕಾ, ಈ ವಾರ ಹನ್ನೆರಡಕ್ಕ ಮಲಗ್ರಿ, ಆರಕ್ಕೇ ಏಳ್ರಿ. ಹಗಲು ಮಾತ್ರ ಮಲಗಬ್ಯಾಡ್ರಿ.'

'ಅಷ್ಟೊತ್ತನಕ ಏನು ಮಾಡ್ಲಿರಿ?'

ಉತ್ತರ ಬರುವುದು ವೈದ್ಯೆಯಿಂದಲ್ಲ, ದೇವದುರ್ಗದ ಕಡೆಯಿಂದ: 'ಯಕ್ಕಾ, ನಂಗೂ ಮೊದಲ ವಾರ ಹಂಗೇ ಆಗಿತ್ತು. ನಾ ಕೌದಿ ಹೊಲಿಯಾಕ ಕುಂತೆ. ನಾಕನೇ ದಿನ ಸೂಜಿ ಕೈಯಾಗ ಇದ್ದಂಗೇ ತೂಕಡಿಕಿ ಬಂತು ನೋಡವಾ.'

ಆ ಮಾತನ್ನು ಯಾವ ವೈದ್ಯರೂ ಚೀಟಿಯಲ್ಲಿ ಬರೆಯಲಾರರು. ಅನುಭವಿಸಿದವರ ಬಾಯಿಂದ ಬಂದದ್ದರಿಂದಲೇ ಅದಕ್ಕೆ ಔಷಧಿಯ ಗುಣ. ಲೆಕ್ಕ ಹಾಕಿ ನೋಡಿ. ಎಂಟು ಜನರಿಗೆ ಹತ್ತತ್ತು ನಿಮಿಷವಾದರೆ ಎಂಬತ್ತು ನಿಮಿಷ, ವೈದ್ಯೆ ಅದೇ ಮಾತನ್ನು ಎಂಟು ಸಲ ಹೇಳಬೇಕು. ಕೂಡಿ ಕೂತರೆ ಅದೇ ಎಂಬತ್ತು ನಿಮಿಷ ಪ್ರತಿಯೊಬ್ಬರ ಪಾಲಿಗೂ ಬರುತ್ತದೆ. ಕೊನೆಯ ಹತ್ತು ನಿಮಿಷ ಎಲ್ಲರೂ ಕಣ್ಣು ಮುಚ್ಚಿ, ಮುಷ್ಟಿಯಿಂದ ಪಾದದವರೆಗೆ ಒಂದೊಂದು ಅಂಗವನ್ನು ಬಿಗಿದು ಸಡಿಲಿಸುತ್ತಾರೆ, ಉಸಿರನ್ನು ನಿಧಾನ ಮಾಡುತ್ತಾರೆ. ಏಳುವ ಮುನ್ನ ಬರುವ ವಾರಕ್ಕೆ ತಾನು ಮಾಡಲಿರುವ ಒಂದೇ ಒಂದು ಬದಲಾವಣೆಯನ್ನು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳುತ್ತಾರೆ.

ಇದರಲ್ಲಿ ತೊಡಕುಗಳಿಲ್ಲವೇ? ಇವೆ. ಹಳ್ಳಿಯಲ್ಲಿ ಮಾತು ಗಾಳಿಗಿಂತ ಬೇಗ ಹರಡುತ್ತದೆ. ಅದಕ್ಕೇ ಬೇರೆ ಬೇರೆ ಊರಿನವರನ್ನು ಒಂದು ಗುಂಪಿಗೆ ಸೇರಿಸಬೇಕು. ಪಕ್ಕದ ಮನೆಯವರಿಗೆ ಹೇಳಲಾಗದ್ದನ್ನು ಮೂವತ್ತು ಮೈಲಿ ಆಚೆಯ ಅಕ್ಕನಿಗೆ ಹೇಳಬಹುದು. ಯಾರೂ ರೆಕಾರ್ಡ್ ಮಾಡಬಾರದು, ಕೇಳಿದ್ದನ್ನು ಹೊರಗೆ ಆಡಬಾರದು ಎಂದು ಮೊದಲೇ ಎಲ್ಲರಿಂದ ಒಪ್ಪಿಗೆ ಪಡೆಯಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಗುಟ್ಟಿನ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ಎಷ್ಟೋ ಹೆಣ್ಣುಮಕ್ಕಳಿಗೆ ಸ್ವಂತ ಫೋನಿಲ್ಲ, ಇದ್ದರೂ ಅತ್ತೆ, ಗಂಡನ ಎದುರು ಮನಸ್ಸು ಬಿಚ್ಚಲಾಗದು. ಆದ್ದರಿಂದಲೇ ಉಪಕೇಂದ್ರದಲ್ಲಿ ಬಾಗಿಲು ಮುಚ್ಚಿ ಕೂರುವ ಒಂದು ಕೋಣೆ ಬೇಕು.

ಎಲ್ಲ ನಿದ್ದೆಗೇಡೂ ಗುಂಪಿಗೆ ತಕ್ಕದ್ದಲ್ಲ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವವರಿಗೆ ಬೇರೆ ಪರೀಕ್ಷೆ ಬೇಕು. ಫಿಟ್ಸ್ ಇರುವವರು, ನಾಲ್ಕಾರು ದಿನ ನಿದ್ದೆಯಿಲ್ಲದೆಯೂ ವಿಪರೀತ ಹುರುಪಿನಲ್ಲಿರುವವರು, ಟ್ರ್ಯಾಕ್ಟರ್ ಲಾರಿ ಓಡಿಸುವವರು ನಿದ್ದೆಯ ತಾಸನ್ನು ತಾವಾಗಿಯೇ ಕಡಿಮೆ ಮಾಡಿಕೊಳ್ಳಬಾರದು. ಬದುಕೇ ಬೇಡವೆನ್ನಿಸುತ್ತಿದ್ದರೆ ಗುರುವಾರದವರೆಗೆ ಕಾಯಬೇಡಿ. ಈ ಕ್ಷಣವೇ 14416 ಒತ್ತಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಯಾರನ್ನಾದರೂ ಜೊತೆ ಮಾಡಿಕೊಂಡು ಹೋಗಿ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಸಾಲಕ್ಕೆ ಗುಳಿಗೆ ಇಲ್ಲ. ಕಾಲುವೆಯ ಕೊನೆಗೆ ನೀರು ಬರುವುದು ಉಸಿರಾಟದ ವ್ಯಾಯಾಮದಿಂದಲ್ಲ. ಅದಕ್ಕೆ ಸರ್ಕಾರ, ನೀರಾವರಿ, ಬೆಲೆ ಎಲ್ಲವೂ ಸರಿಯಾಗಬೇಕು. ಆದರೆ ನಿದ್ದೆ ಮಾಡಿ ಎದ್ದವನು ಬ್ಯಾಂಕಿನ ಮುಂದೆ ನೆಟ್ಟಗೆ ನಿಂತು ಮಾತಾಡಬಲ್ಲ, ಒಡಲ ಸಿಟ್ಟನ್ನು ಮಕ್ಕಳ ಮೇಲೆ ಹಾಕದೆ ಇರಬಲ್ಲ. ಕಷ್ಟವನ್ನು ಎದುರಿಸುವ ಕಸುವನ್ನು ನಿದ್ದೆ ಕೊಡುತ್ತದೆ.

ಬಂಧುಗಳೆ, ಮಾನ್ವಿ ದಾಸರ ಊರು. 1728ರಿಂದ 1809ರವರೆಗೆ ಬಾಳಿದ ಜಗನ್ನಾಥದಾಸರು ಹರಿಕಥಾಮೃತಸಾರ ರಚಿಸಿದ್ದು ಈ ನೆಲದಲ್ಲಿ. ಅವರ ಬಗ್ಗೆ ಒಂದು ಐತಿಹ್ಯ ಇಲ್ಲಿನ ಮನೆಮನೆಗೂ ಗೊತ್ತು. ತೀವ್ರ ರೋಗ ಬಂದು ಆಯುಷ್ಯ ತೀರುವ ಹೊತ್ತಿಗೆ ವಿಜಯದಾಸರು ಅವರನ್ನು ಗೋಪಾಲದಾಸರ ಬಳಿ ಕಳಿಸಿದರಂತೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆ ಎರೆದರಂತೆ.

ನಂಬಿಕೆಯ ಮಾತು ಹಾಗಿರಲಿ, ಅದರೊಳಗಿನ ತಿಳಿವು ನೋಡಿ. ಒಬ್ಬನ ರೋಗ ಇನ್ನೊಬ್ಬನು ಕೊಡುವ ಹೊತ್ತಿನಿಂದ ವಾಸಿಯಾಗಬಲ್ಲದು ಎಂದು ಈ ಸೀಮೆ ನೂರಾರು ವರ್ಷಗಳಿಂದ ನಂಬಿಕೊಂಡು ಬಂದಿದೆ. ನಾನು ನಿಮ್ಮಿಂದ ನಲವತ್ತು ವರ್ಷ ಕೇಳುತ್ತಿಲ್ಲ. ವಾರಕ್ಕೆ ಒಂದೂವರೆ ತಾಸು ಸಾಕು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು, ಆರೋಗ್ಯಾಧಿಕಾರಿಯನ್ನು ನಾಳೆಯೇ ಕಂಡು ಕೇಳಿ: 'ನಿದ್ದಿ ಬಾರದವರೆಲ್ಲ ಕೂಡಿ ಡಾಕ್ಟರ ಜೋಡಿ ಮಾತಾಡೋ ವ್ಯವಸ್ಥಾ ಮಾಡ್ರಿ.' ಕೇಳುವವರು ನಾಲ್ಕು ಜನರಾದರೆ ಅದೇ ಮೊದಲ ಗುಂಪು. ಇವತ್ತು ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಒಂದನ್ನು ನೆನಪಿಡಿ. ಕಾಲುವೆಯ ಬದುವಿನ ಮೇಲೆ, ಮಾಳಿಗೆಯ ಮೇಲೆ, ಬಾಡಿಗೆ ಕೋಣೆಯಲ್ಲಿ ನಿಮ್ಮಂತೆಯೇ ಇನ್ನೂ ಹಲವರು ಎದ್ದು ಕೂತಿದ್ದಾರೆ. ಬೆಳಗಾದ ಮೇಲೆ ಅವರಲ್ಲಿ ಒಬ್ಬರನ್ನಾದರೂ ಮಾತಾಡಿಸಿ.